ಶಾಲೆಯನ್ನು ಕಟ್ಟುವ ಹಣವೂ ಶಾಲೆಯನ್ನು ನಡೆಸುವ ಹಣವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಕಟ್ಟಿದ ಮನೆಯಲ್ಲಿ ವರುಷವರುಷವೂ ಒಲೆ ಹೊತ್ತಿಸುವುದು ಕಟ್ಟುವುದಕ್ಕಿಂತಲೂ ಕಠಿನವಾದ ಕಾರ್ಯವೆಂಬುದನ್ನು ಆ ಗಾದೆಯು ಹೇಳುವುದಿಲ್ಲ. ಶಾಲೆಗಳ ವಿಷಯವೂ ಹೀಗೆಯೇ. ಹೊಸ ಕಟ್ಟಡಕ್ಕಾಗಿ ಧನವನ್ನು ಕೂಡಿಸುವವರು ಅದರ ನಿತ್ಯವೆಚ್ಚವನ್ನೂ ಅದೇ ದಿನ ಲೆಕ್ಕಕ್ಕೆ ತರತಕ್ಕದ್ದೆಂಬುದು ನಮ್ಮ ಅಭಿಪ್ರಾಯವು. ಇದಕ್ಕೆ ದೃಷ್ಟಾಂತವಾಗಿ ಅಮೇರಿಕಾ ದೇಶದ ಕ್ಯಾಲಿಫೋರ್ನಿಯಾ ಸಂಸ್ಥಾನದ ಅನುಭವವನ್ನು ವಾಚಕರ ಮುಂದಿಡುತ್ತೇವೆ.

ಆ ದೇಶದಲ್ಲಿ ಸಾರ್ವಜನಿಕ ಶಾಲೆಗಳನ್ನು ಬಹುಮಟ್ಟಿಗೆ ‘ಸ್ಕೂಲ್ ಡಿಸ್ಟ್ರಿಕ್ಟ್’ ಎಂಬ ಸ್ಥಳೀಯ ಮಂಡಲಿಗಳು ನಡೆಸುತ್ತವೆ. ಮಂಡಲಿಯ ಹಣವು ಮುಖ್ಯವಾಗಿ ಎರಡು ಬೊಕ್ಕಸಗಳಲ್ಲಿರುವುದು. ಉಪಾಧ್ಯಾಯರ ಸಂಬಳ, ದೀಪ, ನೀರು, ವಾಹನ, ಗುಡಿಸುವಿಕೆ ಮೊದಲಾದುವುಗಳಿಗೆ ಒಂದು, ಕಟ್ಟಡಗಳಿಗೆ ಇನ್ನೊಂದು. ಕಟ್ಟಡದ ಬೊಕ್ಕಸವು ಸಾಮಾನ್ಯವಾಗಿ ಸಾಲದಿಂದ ತುಂಬುವುದು. ಮಂಡಲಿಯು ಮತದಾರರ ಒಪ್ಪಿಗೆಯನ್ನು ಪಡೆದು ಬಾಂಡುಗಳನ್ನು ಮಾರುತ್ತದೆ. ಅಸಲೂ ಬಡ್ಡಿಯೂ ಮನೆ ನೆಲಗಳ ಮೇಲಿನ ತೆರಿಗೆಯಿಂದ ಹಲವು ವರುಷಗಳಲ್ಲಿ ತೀರುತ್ತವೆ. ಕಟ್ಟಡವು ಮುಂದಿನ ತಲೆಯವರಿಗೂ ಉಪಯೋಗವಾಗುವುದರಿಂದ ಅವರೂ ಅದರ ಭಾರದಲ್ಲಿ ಪಾಲುಗೊಳ್ಳುವುದು ನ್ಯಾಯವೇ ಸರಿ.

1978ರ 13ನೆಯ ಪ್ರಸ್ತಾಪವು ಅಲ್ಲಿ ಆಸ್ತಿಯ ಮೇಲಿನ ಸಾಮಾನ್ಯ ತೆರಿಗೆಯನ್ನು ನೂರಕ್ಕೆ 1ಕ್ಕೆ ಮಿತಗೊಳಿಸಿತು. ತರುವಾಯ ನಿತ್ಯವೆಚ್ಚಕ್ಕಾಗಿ ಮಂಡಲಿಗಳು ಹೆಚ್ಚಾಗಿ ಸಂಸ್ಥಾನ ಸರಕಾರದ ಕೈ ನೋಡಬೇಕಾಯಿತು. ಆ ಹಣವು ಮುಖ್ಯವಾಗಿ ಹಾಜರಾಗುವ ಮಕ್ಕಳ ಸರಾಸರಿ ಸಂಖ್ಯೆಯನ್ನು ಅನುಸರಿಸಿ ಬರುತ್ತದೆ. ಮಕ್ಕಳು ಕಡಮೆಯಾದರೆ ಹಣವೂ ಕಡಮೆ. ಮಾಳಿಗೆಯಾದರೋ ಮಕ್ಕಳ ಸಂಖ್ಯೆಯನ್ನು ನೋಡಿ ಸೋರುವುದಿಲ್ಲ.

2000ರ 39ನೆಯ ಪ್ರಸ್ತಾಪವು ಬಾಂಡಿಗೆ ಬೇಕಾದ ಮತವನ್ನು ಮೂರರಲ್ಲಿ ಎರಡು ಪಾಲಿನಿಂದ ನೂರಕ್ಕೆ 55ಕ್ಕೆ ಇಳಿಸಿತು. ಆದರೆ ಈ ಹಣದಿಂದ ಸಂಬಳವನ್ನಾಗಲಿ ಇತರ ನಿತ್ಯವೆಚ್ಚವನ್ನಾಗಲಿ ಕೊಡಕೂಡದೆಂದೂ, ವರುಷಕ್ಕೊಮ್ಮೆ ಲೆಕ್ಕವನ್ನು ತನಿಖೆಮಾಡಿಸಬೇಕೆಂದೂ ವಿಧಿಸಿತು. ಈ ಬೇಲಿಯು ಉಚಿತವಾದುದೇ; ನಿತ್ಯದ ಅಕ್ಕಿಯನ್ನು ಸಾಲದಿಂದ ಕೊಳ್ಳುವ ಮನೆಯು ಉಳಿಯದಷ್ಟೆ. ಆದರೆ ನಿತ್ಯವೆಚ್ಚಕ್ಕಾಗಿ ಮಂಡಲಿಯು ತಾನಾಗಿ ಹೊಸ ತೆರಿಗೆಯನ್ನು ಮುಂದಿಟ್ಟರೆ ಇಂದಿಗೂ ಮೂರರಲ್ಲಿ ಎರಡು ಪಾಲು ಮತ ಬೇಕು. ಹೀಗೆ ಕಟ್ಟುವುದು ಸುಲಭವೂ ನಡೆಸುವುದು ದುರ್ಲಭವೂ ಆಗಿದೆ. ಒಂದು ಕಡೆ ಹೊಸ ಸಭಾಮಂದಿರವು ಏಳುತ್ತಿರುವಾಗಲೇ ಇನ್ನೊಂದು ಕಡೆ ಉಪಾಧ್ಯಾಯರನ್ನು ಬಿಡಿಸುವ ಪ್ರಸಂಗವು ಒದಗಬಹುದು. ಇದನ್ನು ಕಂಡ ತಂದೆತಾಯಿಗಳು ದಿಗ್ಭ್ರಮೆಗೊಂಡರೆ ಅವರನ್ನು ದೂರಲಾಗದು.

ಸಾಲವು ಮಿತಿಮೀರಿದರೆ ಆಗುವ ಕೇಡಿಗೆ ಪೋವೇ ಎಂಬಲ್ಲಿಯ ಮಂಡಲಿಯೇ ಸಾಕ್ಷಿ. 2011ರಲ್ಲಿ ಅದು ಸುಮಾರು 10.5 ಕೋಟಿ ಡಾಲರುಗಳನ್ನು, ಸುಮಾರು 20 ವರುಷಗಳ ತನಕ ಏನನ್ನೂ ತೀರಿಸಬೇಕಾಗಿಲ್ಲವೆಂಬ ಕರಾರಿನಿಂದ ಎತ್ತಿತು. ಕೊನೆಗೆ ಸಲ್ಲಬೇಕಾದ ಮೊತ್ತವು ಸುಮಾರು 98 ಕೋಟಿ ಡಾಲರುಗಳು! ಅಂದು ತೊಟ್ಟಿಲಲ್ಲಿದ್ದ ಕೂಸುಗಳು ದೊಡ್ಡವರಾಗಿ ಈ ಋಣವನ್ನು ಹೊರಬೇಕು. ಇಂತಹ ಸಾಲಗಳಲ್ಲಿ ತೀರಿಸುವ ಮೊತ್ತವು ಅಸಲಿನ 4 ಪಾಲನ್ನು ಮೀರಬಾರದೆಂದು 2013ರಲ್ಲಿ ಕಾನೂನಾಯಿತು.

ದುರಸ್ತನ್ನು ಮುಂದಕ್ಕೆ ತಳ್ಳುವುದೂ ಗುಪ್ತವಾದ ಸಾಲವೇ. ಆ ದೇಶದ ಮಂಡಲಿಗಳಲ್ಲಿ ನೂರಕ್ಕೆ ಸುಮಾರು 41 ತಮ್ಮ ಶಾಲೆಗಳ ಪೈಕಿ ಅರ್ಧದಷ್ಟರಲ್ಲಾದರೂ ಗಾಳಿ ಮತ್ತು ಶೀತೋಷ್ಣಗಳ ಯಂತ್ರಗಳನ್ನು ಸರಿಪಡಿಸಬೇಕು ಇಲ್ಲವೆ ಬದಲಾಯಿಸಬೇಕೆಂದು 2020ರಲ್ಲಿ ಅಲ್ಲಿಯ ಕೇಂದ್ರಸರಕಾರದ ಲೆಕ್ಕಪರಿಶೋಧನಾ ಕಚೇರಿಯು ಅಂದಾಜು ಮಾಡಿತು. ಕಟ್ಟಡಕ್ಕೆ ಸಂಸ್ಥಾನದ ನೆರವನ್ನು ಪಡೆದ ಮಂಡಲಿಯು ತನ್ನ ಸಾಮಾನ್ಯ ನಿಧಿಯ ವೆಚ್ಚದಲ್ಲಿ ನೂರಕ್ಕೆ 3ನ್ನು ದುರಸ್ತಿಗೆಂದು ತೆಗೆದಿರಿಸಬೇಕೆಂಬ ಕ್ಯಾಲಿಫೋರ್ನಿಯಾದ ನಿಯಮವು ಈ ಕಾರಣದಿಂದಲೇ ಶ್ಲಾಘ್ಯವಾದುದು.

ನಿತ್ಯವೆಚ್ಚವನ್ನೂ ಹೇಳಿಬಿಟ್ಟರೆ ಜನರು ಹೆದರಿ ಕಟ್ಟಡಕ್ಕೂ ಒಪ್ಪಲಾರರು, ಮಕ್ಕಳು ಸೋರುವ ಕೋಣೆಯಲ್ಲೇ ಕುಳಿತಿರಬೇಕಾದೀತು ಎಂದು ಕೆಲವರು ಆಕ್ಷೇಪಿಸಬಹುದು. ಈ ಭಯವು ನಿರಾಧಾರವಲ್ಲ. ಆದರೆ ಮುಚ್ಚಿಟ್ಟ ವೆಚ್ಚವು ಕಡಮೆಯಾಗುವುದಿಲ್ಲ; ಅದು ಮುಂದೆ ತರಗತಿಯ ಉಪಾಧ್ಯಾಯಿನಿಯ ಸಂಬಳದಿಂದ ಕಳೆಯಲ್ಪಡುವುದು.

ಆದುದರಿಂದ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಯಾವ ಶಾಲೆಯ ಕಟ್ಟಡದ ನಿಧಿಗೆ ಕೈ ನೀಡುವಾಗಲೂ ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಲಿ: ಈ ಕೋಣೆಯಲ್ಲಿ ಕಲಿಸುವವಳಿಗೆ ಸಂಬಳವೆಲ್ಲಿಂದ, ಹತ್ತು ವರುಷಗಳ ಮೇಲೆ ಇದರ ಮಾಡಿಗೆ ಹಂಚು ಎಲ್ಲಿಂದ? ಶಿಲಾಫಲಕದ ಮೇಲೆ ಹೆಸರನ್ನು ಕೆತ್ತಿಸುವ ದಾನಿಯು ಸ್ತುತ್ಯನೇ. ಹಂಚಿಗೂ ಪೊರಕೆಗೂ ಕೊಡುವ ದಾನಿಯ ಹೆಸರು ಎಲ್ಲಿಯೂ ಕಾಣಿಸದಿದ್ದರೂ, ಶಾಲೆಯು ನಿಂತಿರುವುದು ಅವನ ಔದಾರ್ಯದ ಮೇಲೆ.