ಬಿಟ್ಟಿ ಹಲ್ಲು ಗೂಡಿನ ಪಾಲು!

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಹುಟ್ಟಿದ್ದು ನಮ್ಮ ನವಲಗುಂದ-ಅಣ್ಣಿಗೇರಿ ಕಡೆಗೇ ಇರಬೇಕು. ಎರಿ ಹೊಲದಲ್ಲಿ ಹಿಂಗಾರಿ ಕಡಲೆ ಬೆಳೆದು ಊರಿಗೆಲ್ಲ ತಿನ್ನಿಸಿದ ಮುದುಕರು ಇವತ್ತು ರೊಟ್ಟಿಯನ್ನು ಹಾಲಿನಲ್ಲೋ ಸಾರಿನಲ್ಲೋ ನೆನೆಸಿ ನುಂಗುತ್ತಿದ್ದಾರೆ. ಖಡಕ್ ರೊಟ್ಟಿ ಬಂದ್, ಶೇಂಗಾ ಬಂದ್, ಹಸಿ ಉಳ್ಳಾಗಡ್ಡಿ ಬಂದ್. ವಯಸ್ಸಾತಲ್ರೀ, ಇನ್ನೇನು ಎಂದು ಮನೆಮಂದಿ ಸುಮ್ಮನಾಗುತ್ತಾರೆ.

ಸುಮ್ಮನಾಗುವ ವಿಷಯ ಇದಲ್ಲ. ಹಲ್ಲು ಹೋದರೆ ಬರೀ ಊಟ ಹೋಗುವುದಿಲ್ಲ. ಗಲ್ಲ ಒಳಗೆ ಸರಿದು ತುಟಿ ಮಡಚಿ, ಐವತ್ತರವನು ಎಪ್ಪತ್ತರವನ ಹಾಗೆ ಕಾಣುತ್ತಾನೆ. ತ, ಥ, ದ, ಧ, ನ ಅಕ್ಷರಗಳಿಗೆ ವ್ಯಾಕರಣದವರು ದಂತ್ಯ ಎಂದು ಸುಮ್ಮನೆ ಹೆಸರಿಡಲಿಲ್ಲ. ಮುಂದಿನ ಹಲ್ಲಿಲ್ಲದವನ ಬಾಯಲ್ಲಿ ಮಾತು ಗಾಳಿಯಾಗುತ್ತದೆ. ಗಲ್ಲಾಪೆಟ್ಟಿಗೆ ಮುಂದೆ ಕೂತವನು ಬಾಯಿಗೆ ಕೈ ಅಡ್ಡ ಹಿಡಿದು ರೇಟು ಹೇಳಬೇಕಾದರೆ ಆ ಸಂಕಟ ಅವನಿಗೇ ಗೊತ್ತು.

ಸರಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾದೀತು. 2014-15ರಲ್ಲಿ ರಾಜ್ಯ ಸರಕಾರ ದಂತಭಾಗ್ಯ ಎಂಬ ಯೋಜನೆ ತಂದಿತು. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಪುಕ್ಕಟೆ ಹಲ್ಲಿನ ಸೆಟ್ಟು. ವಿಚಾರ ಒಳ್ಳೆಯದೇ. ಆದರೆ ನಮ್ಮ ಹಳ್ಳಿಯವರಿಗೆ ದಂತ ಕಾಲೇಜು ಎಂದರೆ ಧಾರವಾಡದ ಸತ್ತೂರು. ನವಲಗುಂದದವನು ಹುಬ್ಬಳ್ಳಿಗೆ ಬಂದು ಬಸ್ಸು ಬದಲಿಸಬೇಕು, ಕುಂದಗೋಳದವನದೂ ಅದೇ ಹಾಡು.

ಒಮ್ಮೆ ಹೋಗಿ ಬಂದರೆ ಮುಗಿಯಿತೇ? ಹಲ್ಲಿನ ಸೆಟ್ಟು ಚಪ್ಪಲಿ ಕೊಂಡ ಹಾಗಲ್ರೀ. ಉಳಿದ ಮೋಟು ಹಲ್ಲು ಕೀಳಬೇಕು. ಗಾಯ ಮಾಯಲು ವಾರಗಟ್ಟಲೆ ಕಾಯಬೇಕು. ಆಮೇಲೆ ದವಡೆಯ ಅಳತೆ, ಮತ್ತೊಮ್ಮೆ ಸೂಕ್ಷ್ಮ ಅಳತೆ, ಮೇಣ ಕಚ್ಚಿಸಿ ಮೇಲಿನ ಕೆಳಗಿನ ದವಡೆ ಹೊಂದಿಸುವುದು, ಮೇಣದಲ್ಲೇ ಹಲ್ಲು ಕೂಡಿಸಿ ನೋಡುವುದು, ಕೊನೆಗೆ ಸೆಟ್ಟು. ಹಾಕಿಕೊಂಡ ಎರಡನೇ ದಿನವೇ ವಸಡಿನಲ್ಲಿ ಹುಣ್ಣು, ಒತ್ತುವ ಜಾಗ ತಿಕ್ಕಿಸಲು ಮತ್ತೆ ಎರಡು ಮೂರು ಸಲ. ಲೆಕ್ಕ ಹಾಕಿ, ಏಳೆಂಟು ತಿರುಗಾಟ! 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಅಜ್ಜಿಗೆ ಬಸ್ಸೇನೋ ಪುಕ್ಕಟೆಯಾಯಿತು. ಅಜ್ಜನಿಗೂ, ಕೈಹಿಡಿದು ಕರೆದೊಯ್ಯುವ ಮಗನಿಗೂ ಟಿಕೀಟು ಇದ್ದೇ ಇದೆ, ಮಗನ ಆ ದಿನದ ಪಗಾರವೂ ಹೋಯಿತು. ಮೂರನೇ ತಿರುಗಾಟಕ್ಕೆ ಮಗ ಗೊಣಗುತ್ತಾನೆ, ನಾಲ್ಕಕ್ಕೆ ಅಜ್ಜನೇ ಬ್ಯಾಡ ಬಿಡಪಾ ಅನ್ನುತ್ತಾನೆ.

ಹೇಗೋ ಸೆಟ್ಟು ಪಡೆದವರ ಕಥೆಯೂ ಬೇರೆಯಲ್ಲ. ಪೂರ್ತಿ ಸೆಟ್ಟಿನ ಕಚ್ಚುವ ಬಲ ಸ್ವಂತ ಹಲ್ಲಿನ ಕಾಲುಭಾಗ ಇದ್ದರೆ ಹೆಚ್ಚು. ಮೇಲಿನದು ಅಂಗುಳಿಗೆ ಅಂಟಿ ನಿಲ್ಲುತ್ತದೆ, ಕೆಳಗಿನದು ನಾಲಿಗೆ ಹೊರಳಿದಾಗೆಲ್ಲ ಅಲುಗಾಡುತ್ತದೆ. ಮೊದಲ ವಾರಗಳಲ್ಲಿ ಮೆತ್ತಗಿನದನ್ನು ಸಣ್ಣ ತುಣುಕು ಮಾಡಿ ಎರಡೂ ಬದಿ ಜಗಿಯುವುದನ್ನು ಕಲಿಯಬೇಕು. ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು. ಕುದಿನೀರು ಹಾಕಿದರೆ ಸೆಟ್ಟು ಸೊಟ್ಟಾಗುತ್ತದೆ, ಚೊಕ್ಕಟ ಆಗಲಿ ಎಂದು ಕುದಿನೀರೇ ಹಾಕುವುದು ನಮ್ಮ ಮನೆಗಳ ಪದ್ಧತಿ. ಹಲ್ಲು ಕಿತ್ತ ಮೇಲೆ ದವಡೆಯ ಎಲುಬು ಸವೆಯುತ್ತದೆ, ಮೊದಲ ವರ್ಷದಲ್ಲಿ ಬಹಳ. ಹಾಗಾಗಿ ಇವತ್ತು ಬಿಗಿಯಾಗಿದ್ದ ಸೆಟ್ಟು ಮುಂದೆ ಸಡಿಲಾಗಿ ಒಳಮೈ ಮತ್ತೆ ತುಂಬಿಸಬೇಕಾಗುತ್ತದೆ. ಅದಕ್ಕೂ ಸತ್ತೂರಿಗೇ ಓಡಬೇಕೇ? ಯಾರೂ ಓಡುವುದಿಲ್ಲ. ಸೆಟ್ಟು ಡಬ್ಬಿಯೊಳಗೆ, ಡಬ್ಬಿ ಗೋಡೆಯ ಗೂಡಿನೊಳಗೆ. ಲಗ್ನ ಬಂದಾಗ, ಇಲ್ಲವೇ ಕಾರ್ಡಿಗೆ ಫೋಟೋ ತೆಗೆಸಬೇಕಾದಾಗ ಹೊರಬೀಳುತ್ತದೆ!

ಈ ಸಂದಿಯಲ್ಲೇ ಸಂತೆಯ ಹಲ್ಲಿನ ವೈದ್ಯರಿಗೆ ಸುಗ್ಗಿ. ಕೊಡೆಯ ಕೆಳಗೆ ಕೂತು ಅರ್ಧ ತಾಸಿನಲ್ಲಿ ಹಲ್ಲು ಕೂಡಿಸಿಕೊಡುತ್ತಾರೆ. ಪಕ್ಕದ ಹಲ್ಲಿಗೆ ಮಸಾಲಿ ಮೆತ್ತಿ ಅಂಟಿಸಿದ ಆ ಹಲ್ಲು ತೆಗೆಯಲು ಬರುವುದಿಲ್ಲ, ತೊಳೆಯಲು ಬರುವುದಿಲ್ಲ. ಕೆಳಗೆ ವಸಡು ಕೊಳೆತು ಒಳ್ಳೆ ಹಲ್ಲೂ ಅಲುಗಾಡುತ್ತದೆ. ನೋಂದಣಿ ಇಲ್ಲದವರು ಹಲ್ಲಿನ ವೈದ್ಯ ಮಾಡಬಾರದೆಂಬ ಕಾನೂನು 1948ರಿಂದಲೇ ಇದೆ. ಅವರನ್ನು ಎಬ್ಬಿಸಿ ಓಡಿಸಿದರೆ ಸಾಲದು, ಜನ ಅಲ್ಲಿಗೆ ಯಾಕೆ ಹೋಗುತ್ತಾರೆ ನೋಡಬೇಕು. ಊರಲ್ಲೇ, ಒಂದೇ ದಿನದಲ್ಲಿ, ಕೈಗೆಟಕುವ ರೊಕ್ಕಕ್ಕೆ ಕೆಲಸ ಆಗುತ್ತದೆ, ಅದಕ್ಕೇ.

ಹಾಗಾದರೆ ತಾಲೂಕು ಆಸ್ಪತ್ರೆಯಲ್ಲೇ ಯಾಕಾಗಬಾರದು? ದಂತ ವೈದ್ಯರ ಹುದ್ದೆ ಅಲ್ಲಿದೆ, ಕುರ್ಚಿ ಇದೆ. ಅಳತೆ ತೆಗೆಯಲು ಬೇಕಾದದ್ದು ತಟ್ಟೆ, ಪುಡಿ, ಮೇಣ. ಹುಣ್ಣಾದಲ್ಲಿ ತಿಕ್ಕಲು ಒಂದು ಸಣ್ಣ ಯಂತ್ರ. ಸೆಟ್ಟು ತಯಾರಾಗುವುದು ಲ್ಯಾಬಿನಲ್ಲಿ, ಅದು ಹುಬ್ಬಳ್ಳಿ-ಧಾರವಾಡದಲ್ಲೇ ಇರಲಿ. ತಿರುಗಾಡಬೇಕಾದದ್ದು ಅಚ್ಚಿನ ಡಬ್ಬಿ, ಎಪ್ಪತ್ತರ ಅಜ್ಜನಲ್ಲ. ಸಂತೆಯ ದಿನ ಇಟ್ಟುಕೊಂಡರೆ ಸಂತೆಗೆ ಬಂದವರು ಅಳತೆಯನ್ನೂ ಕೊಟ್ಟು ಹೋಗುತ್ತಾರೆ. ಕಷ್ಟದ ದವಡೆಯವರನ್ನು ಮಾತ್ರ ಕಾಲೇಜಿಗೆ ಕಳಿಸಲಿ.

ಮುಂದಿನ ಕೆಡಿಪಿ ಸಭೆಯಲ್ಲಿ ನಮ್ಮ ಶಾಸಕರು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಎರಡೇ ಪ್ರಶ್ನೆ ಕೇಳಲಿ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಲ್ಲಿ ಇಲ್ಲಿಯವರೆಗೆ ಎಷ್ಟು ಮಂದಿಗೆ ಸೆಟ್ಟು ಕೊಟ್ಟಿರಿ? ಅದರಲ್ಲಿ ಎಷ್ಟು ಬಾಯಲ್ಲಿವೆ, ಎಷ್ಟು ಗೂಡಿನಲ್ಲಿವೆ?