ಸದಾ ನಗುವ ಕ್ವೊಕ್ಕಾ ತನ್ನ ಮರಿಯನ್ನೇ ಶತ್ರುವಿನ ಬಾಯಿಗೆ ಎಸೆಯುತ್ತದೆಯೇ?

‘ಇದು ಜಗತ್ತಿನಲ್ಲೇ ಅತಿ ಸಂತೋಷದ ಪ್ರಾಣಿ. ಆದರೆ ಜೀವ ಉಳಿಸಿಕೊಳ್ಳಲು ಹೆತ್ತ ಮರಿಯನ್ನೇ ಶತ್ರುವಿನ ಬಾಯಿಗೆ ಎಸೆಯುತ್ತದೆ!’ ನಗುಮುಖದ ಪುಟ್ಟ ಪ್ರಾಣಿಯ ಫೋಟೊ ಜೊತೆ ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಇದರಲ್ಲಿ ಎಷ್ಟು ನಿಜ? ನೋಡೋಣ.

ಯಾವುದು ಈ ಪ್ರಾಣಿ?

ಇದು ಕ್ವೊಕ್ಕಾ. ಕಾಂಗರೂ ಬಳಗಕ್ಕೆ ಸೇರಿದ, ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಪ್ರಾಣಿ. ಗಾತ್ರ ಮನೆಯ ಬೆಕ್ಕಿನಷ್ಟು, ತೂಕ ಎರಡೂವರೆಯಿಂದ 5 ಕೆ.ಜಿ. ಕಂದು ಬಣ್ಣದ ಒರಟು ಕೂದಲು, ದುಂಡನೆಯ ಪುಟ್ಟ ಕಿವಿ, ಗಿಡ್ಡ ಬಾಲ. ಆಸ್ಟ್ರೇಲಿಯಾದ ನೈಋತ್ಯ ಮೂಲೆ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಕಾಣಸಿಗದು. ಹೆಚ್ಚಿನವು ಪರ್ತ್ ನಗರದ ಬಳಿಯ ರಾಟ್‌ನೆಸ್ಟ್ ದ್ವೀಪದಲ್ಲಿವೆ. 1696ರಲ್ಲಿ ಅಲ್ಲಿಗೆ ಬಂದ ಡಚ್ ನಾವಿಕ ವಿಲ್ಲೆಮ್ ಡಿ ವ್ಲಾಮಿಂಗ್ ಇವನ್ನು ದೊಡ್ಡ ಇಲಿಗಳೆಂದೇ ಭಾವಿಸಿದ್ದ. ‘ಇಲಿಗಳ ಗೂಡು’ ಎಂಬ ಅರ್ಥದ ಆ ಹೆಸರು ದ್ವೀಪಕ್ಕೆ ಬಂದದ್ದು ಹಾಗೆ.

ನಿಜಕ್ಕೂ ನಗುತ್ತದೆಯೇ?

ಇಲ್ಲ. ಅದರ ಬಾಯಿಯ ಆಕಾರವೇ ಹಾಗಿದೆ. ಹೆದರಿದಾಗಲೂ, ಕಾಯಿಲೆ ಬಿದ್ದಾಗಲೂ ನಮಗೆ ನಕ್ಕಂತೆಯೇ ಕಾಣುತ್ತದೆ.

ಮರಿಯನ್ನು ಎಸೆಯುತ್ತದೆಯೇ?

ಇದು ಅರ್ಧ ಸತ್ಯ. ಕ್ವೊಕ್ಕಾ ಕೈಯಲ್ಲಿ ಎತ್ತಿ ಏನನ್ನೂ ಎಸೆಯುವುದಿಲ್ಲ. ಶತ್ರು ಬೆನ್ನಟ್ಟಿದಾಗ ತಾಯಿಯ ಚೀಲದ ಸ್ನಾಯುಗಳು ಸಡಿಲವಾಗಿ ಮರಿ ಕೆಳಗೆ ಬೀಳುತ್ತದೆ. ಅದರ ಸದ್ದಿಗೆ ಶತ್ರು ಅತ್ತ ತಿರುಗಿದರೆ ತಾಯಿ ಪಾರಾಗುತ್ತದೆ. ಕ್ರೂರ ಎನಿಸಬಹುದು. ಆದರೆ ತಾಯಿ ಸತ್ತರೆ ಚೀಲದ ಮರಿಯೂ ಉಳಿಯದು. ತಾಯಿ ಬದುಕಿದರೆ ಮತ್ತೆ ಮರಿ ಹಾಕಬಲ್ಲದು.

ನಿಜವಾದ ಅಪಾಯ ಯಾವುದು?

ರಾಟ್‌ನೆಸ್ಟ್‌ನಲ್ಲಿ ನರಿ, ಬೆಕ್ಕುಗಳಿಲ್ಲ. ಹಾಗಾಗಿ ಅಲ್ಲಿನ ಕ್ವೊಕ್ಕಾಗಳು ಜನರ ಕಾಲ ಬಳಿಯೇ ಓಡಾಡುತ್ತವೆ. ಮುಖ್ಯ ಭೂಭಾಗದ ಕತೆ ಬೇರೆ. ಯುರೋಪಿಯನ್ನರು ಆಸ್ಟ್ರೇಲಿಯಾಕ್ಕೆ ತಂದುಬಿಟ್ಟ ನರಿ, ಬೆಕ್ಕುಗಳು ಅಲ್ಲಿ ಇವನ್ನು ಬೇಟೆಯಾಡುತ್ತವೆ. ಜೌಗು ನೆಲದ ದಟ್ಟ ಪೊದೆಗಳೇ ಇವಕ್ಕೆ ಆಸರೆ. ಪೊದೆ ಕಡಿದರೆ, ಕಾಡ್ಗಿಚ್ಚಿಗೆ ಸುಟ್ಟರೆ ಅಡಗಲು ಜಾಗವೇ ಇರುವುದಿಲ್ಲ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ ಕ್ವೊಕ್ಕಾ ಕೂಡ ಇದೆ.

ದ್ವೀಪದಲ್ಲೂ ಚಿಂತೆ ತಪ್ಪಿಲ್ಲ. ಸೆಲ್ಫಿಗಾಗಿ ಪ್ರವಾಸಿಗರು ಕೊಡುವ ಬ್ರೆಡ್, ಚಿಪ್ಸ್ ಹುಲ್ಲು, ಎಲೆ ತಿನ್ನುವ ಈ ಪ್ರಾಣಿಯ ಆರೋಗ್ಯ ಕೆಡಿಸುತ್ತವೆ. ಅಲ್ಲಿ ಇವನ್ನು ಮುಟ್ಟಿದರೆ, ತಿನಿಸು ಕೊಟ್ಟರೆ ದಂಡ ತೆರಬೇಕು.

ನಮ್ಮ ತೀರ್ಮಾನ: ಫೋಟೊ ನಿಜ, ನಗು ನಿಜವಲ್ಲ, ‘ಕೆಟ್ಟ ತಾಯಿ’ ಎಂಬ ಮಾತು ತಪ್ಪು. ಆ ಸಂದೇಶ ಮತ್ತೆ ಬಂದರೆ ಈ ವಿವರವನ್ನೂ ಜೊತೆಗೆ ಕಳಿಸಿ.