ಬಾಗಿಲಿಗೆ ಬಂದ ಸಮನ್ಸ್

‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಯನ್ನು ಕೇಳದವರು ವಿರಳ. ಕೋರ್ಟಿನ ಮೆಟ್ಟಿಲು ಹತ್ತಬೇಡ ಎಂದು ಹಿರಿಯರು ಮಕ್ಕಳಿಗೆ ಹೇಳುತ್ತಲೇ ಬಂದಿದ್ದಾರೆ. ದಾವೆ ಹೂಡಲು ಹೊರಟವನಿಗೆ ಇದು ಒಳ್ಳೆಯ ಬುದ್ಧಿಮಾತು. ಆದರೆ ನಮ್ಮ ಮೇಲೆಯೇ ದಾವೆ ಬಿದ್ದಾಗ ಇದೇ ಮಾತನ್ನು ನೆಚ್ಚಿ ಮನೆಯಲ್ಲಿ ಕುಳಿತರೆ ಮನೆಯೇ ಕೈಬಿಟ್ಟು ಹೋದೀತು. ಮಕ್ಕಳ ಓದಿಗೆಂದು ಮನೆಯನ್ನು ಅಡಮಾನ ಮಾಡಿದ ತಂದೆ ತಾಯಿಗಳೂ ಆ ಮಕ್ಕಳೂ ಇದನ್ನು ತಿಳಿದಿರುವುದು ಅಗತ್ಯ.

ಒಂದು ಉದಾಹರಣೆ ನೋಡೋಣ. ಮಗಳ ಇಂಜಿನಿಯರಿಂಗ್ ಓದಿಗಾಗಿ ತಂದೆಯೊಬ್ಬರು ಸಾಹುಕಾರರಿಂದ ಐದು ಲಕ್ಷ ರೂಪಾಯಿ ಪಡೆದು ಮನೆಯನ್ನು ಅಡಮಾನ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಎರಡು ಲಕ್ಷ ತೀರಿಸಿದ್ದಾರೆ, ರಸೀದಿಗಳು ಬೀರುವಿನಲ್ಲಿ ಭದ್ರವಾಗಿವೆ. ಆಮೇಲೆ ಕಂತು ನಿಂತಿತು. ಪೂರ್ತಿ ಐದು ಲಕ್ಷವೂ ಬಡ್ಡಿಯೂ ಬರಬೇಕೆಂದು ಸಾಹುಕಾರರು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಸಮನ್ಸ್ ಬಂತು. ‘ಸಾಲ ತಂದದ್ದು ನಿಜ, ಅಲ್ಲಿ ಹೋಗಿ ಹೇಳುವುದೇನಿದೆ?’ ಎಂದು ತಂದೆ ಸುಮ್ಮನಾದರು. ಈಗ ನ್ಯಾಯಾಧೀಶರ ಮುಂದಿರುವುದು ಒಂದೇ ಕಡೆಯ ಮಾತು. ಬೀರುವಿನಲ್ಲಿರುವ ರಸೀದಿ ಅವರಿಗೆ ಕಾಣುವುದಿಲ್ಲ. ಹೀಗೆ ಪ್ರತಿವಾದಿಯ ಗೈರುಹಾಜರಿಯಲ್ಲಿ ಆಗುವುದೇ ಏಕಪಕ್ಷೀಯ ಡಿಕ್ರಿ. ಜನರ ಬಾಯಲ್ಲಿ ‘ಎಕ್ಸ್ ಪಾರ್ಟಿ’.

ಹಾಗೆಂದು ವಾದಿ ಕೇಳಿದ್ದನ್ನೆಲ್ಲ ಕೋರ್ಟು ಕಣ್ಣುಮುಚ್ಚಿ ಕೊಡುವಂತಿಲ್ಲ. ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ಡಿಕ್ರಿ ಮಾಡಬಾರದು, ತೀರ್ಪಿನಲ್ಲಿ ಕಾರಣಗಳಿರಬೇಕು ಎಂದು ಸುಪ್ರೀಂ ಕೋರ್ಟು 1999ರಲ್ಲಿ ಬಲರಾಜ್ ತನೇಜಾ ಮೊಕದ್ದಮೆಯಲ್ಲಿ ಹೇಳಿದೆ. ಆದರೂ ಕೋರ್ಟಿಗೆ ತೋರಿಸದ ರಸೀದಿಯನ್ನು ಯಾವ ನ್ಯಾಯಾಧೀಶರೂ ಊಹಿಸಲಾರರು.

ಇನ್ನು ಸಮನ್ಸಿನ ವಿಚಾರ. ಅದನ್ನು ಹೇಗೆ ತಲುಪಿಸಬೇಕೆಂಬುದನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಐದನೇ ಆದೇಶ ವಿವರವಾಗಿ ಹೇಳುತ್ತದೆ. ಪ್ರತಿವಾದಿ ಮನೆಯಲ್ಲಿಲ್ಲ, ಸದ್ಯಕ್ಕೆ ಸಿಗುವಂತೆಯೂ ಇಲ್ಲ ಎಂದಾದರೆ, ಜೊತೆಯಲ್ಲಿ ವಾಸಿಸುವ ಕುಟುಂಬದ ವಯಸ್ಕರ ಕೈಗೆ ಅಮೀನರು ಅದನ್ನು ಕೊಡಬಹುದು. ಹಿಂದೆ ಇದು ಗಂಡಸರಿಗೆ ಮಾತ್ರ ಅನ್ವಯಿಸುತ್ತಿತ್ತು. 1976ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಸೇರಿದ್ದಾರೆ. ಮನೆಗೆಲಸದವರು ಕುಟುಂಬದವರ ಲೆಕ್ಕಕ್ಕೆ ಬರುವುದಿಲ್ಲ.

ಕಾಲೇಜು ವಿದ್ಯಾರ್ಥಿಗಳು ಇಲ್ಲಿ ಕಿವಿಗೊಡಬೇಕು. 18 ತುಂಬಿದ ನೀವು ಸಹಿ ಹಾಕಿ ಪಡೆದ ಸಮನ್ಸ್ ನಿಮ್ಮ ತಂದೆಗೇ ತಲುಪಿದಂತೆ. ಅಪ್ಪನಿಗೆ ಚಿಂತೆ ಬೇಡವೆಂದು ಅದನ್ನು ಪುಸ್ತಕದೊಳಗೆ ಬಚ್ಚಿಟ್ಟರೆ ದಿನಗಳ ಎಣಿಕೆಯೇನೂ ನಿಲ್ಲುವುದಿಲ್ಲ. ಬೇಡವೆಂದು ಬಾಗಿಲು ಹಾಕಿಕೊಂಡರೂ ಪ್ರಯೋಜನವಿಲ್ಲ. ಆಗ ಅಮೀನರು ಪ್ರತಿಯನ್ನು ಬಾಗಿಲಿಗೆ ಅಂಟಿಸಿ ವರದಿ ಸಲ್ಲಿಸಬಹುದು. ಅಂಚೆಯಲ್ಲಿ ಬಂದದ್ದನ್ನು ನಿರಾಕರಿಸಿದರೆ ತಲುಪಿದೆ ಎಂದೇ ಕೋರ್ಟು ಪರಿಗಣಿಸುತ್ತದೆ. ತಲುಪಿದ 30 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣವಿದ್ದರೆ ಕೋರ್ಟು ಈ ಅವಧಿಯನ್ನು 90 ದಿನಗಳವರೆಗೆ ವಿಸ್ತರಿಸಬಹುದು.

ಒಂದೆರಡು ವಾಯಿದೆ ತಪ್ಪಿತೆಂದು ಆಸೆ ಬಿಡಬೇಕಿಲ್ಲ. 1955ರ ಸಂಗ್ರಾಮ್ ಸಿಂಗ್ ಪ್ರಕರಣ ಕೋಟಾದ ಚುನಾವಣಾ ತಕರಾರಿಗೆ ಸಂಬಂಧಿಸಿದ್ದು. ಆದರೂ ಅಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಬರೆದ ತೀರ್ಪು ಇಂದಿಗೂ ಸಿವಿಲ್ ಕೋರ್ಟುಗಳಿಗೆ ದಾರಿದೀಪ. ಪ್ರಕ್ರಿಯೆ ಇರುವುದು ನ್ಯಾಯ ದೊರಕಿಸಲು, ಎಡವಿದವರನ್ನು ಶಿಕ್ಷಿಸಲು ಅಲ್ಲ ಎಂಬುದು ಅದರ ಸಾರ. ಹಿಂದಿನ ದಿನ ಗೈರುಹಾಜರಾದವನು ಮುಂದಿನ ವಾಯಿದೆಗೆ ಬಂದರೆ ಆ ಹಂತದಿಂದ ಭಾಗವಹಿಸಬಹುದು. ಗೈರಿಗೆ ತಕ್ಕ ಕಾರಣ ತೋರಿಸಿದರೆ ಹಿಂದಿನ ಹಂತಕ್ಕೂ ಅವಕಾಶ ಸಿಗಬಹುದು.

ಡಿಕ್ರಿಯೇ ಆಗಿಹೋಗಿದ್ದರೆ? ಅದನ್ನು ರದ್ದುಪಡಿಸುವಂತೆ ಒಂಬತ್ತನೇ ಆದೇಶದ 13ನೇ ನಿಯಮದಡಿ ಅರ್ಜಿ ಹಾಕಬಹುದು. ಸಮನ್ಸ್ ಸರಿಯಾಗಿ ತಲುಪಿರಲಿಲ್ಲ ಅಥವಾ ಬರಲಾಗದಂತೆ ಸಾಕಷ್ಟು ಕಾರಣವಿತ್ತು ಎಂದು ತೋರಿಸಬೇಕು. ತಪ್ಪು ವಿಳಾಸ, ಬಾಲಕನ ಸಹಿ, ಮನೆಗೇ ಬಾರದೆ ಬರೆದ ಷರಾ ಇಂಥವೆಲ್ಲ ಇಲ್ಲಿ ಮುಖ್ಯವಾಗುತ್ತವೆ. ಅವಧಿ ಡಿಕ್ರಿಯ ದಿನದಿಂದ 30 ದಿನ. ಸಮನ್ಸ್ ಸರಿಯಾಗಿ ತಲುಪಿರದಿದ್ದರೆ ಡಿಕ್ರಿಯ ಸಂಗತಿ ತಿಳಿದ ದಿನದಿಂದ 30 ದಿನ. ಆದರೆ ಒಂದು ಎಚ್ಚರಿಕೆ ಇದೆ. ದಾವೆಯ ದಿನಾಂಕ ಗೊತ್ತಿತ್ತು, ಹೋಗಲು ಸಮಯವೂ ಇತ್ತು ಎಂದು ಕಂಡುಬಂದರೆ, ಸಮನ್ಸ್ ಜಾರಿಯಲ್ಲಿ ಲೋಪವಿತ್ತೆಂಬ ಕಾರಣಕ್ಕೇ ಡಿಕ್ರಿ ರದ್ದಾಗುವುದಿಲ್ಲ. ಅಮೀನರ ತಪ್ಪು ನಮ್ಮ ಉದಾಸೀನಕ್ಕೆ ಗುರಾಣಿಯಾಗದು.

ಅಡಮಾನದ ದಾವೆಯಲ್ಲಿ ಇನ್ನೂ ಒಂದು ರಕ್ಷಣೆಯಿದೆ. ಒಮ್ಮೆ ಅಡಮಾನವಾದದ್ದು ಎಂದಿಗೂ ಅಡಮಾನವೇ ಎಂಬುದು ಹಳೆಯ ನ್ಯಾಯಸೂತ್ರ. ಸಾಲ ತೀರಿಸಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕನ್ನು 1882ರ ಆಸ್ತಿ ವರ್ಗಾವಣೆ ಕಾಯಿದೆಯ 60ನೇ ಕಲಮು ಕೊಡುತ್ತದೆ. ಆದ್ದರಿಂದಲೇ ಇಂಥ ದಾವೆಯಲ್ಲಿ ಸಾಮಾನ್ಯವಾಗಿ ಡಿಕ್ರಿ ಎರಡು ಹಂತದಲ್ಲಿ ಆಗುತ್ತದೆ. ಪ್ರಾಥಮಿಕ ಡಿಕ್ರಿಯಲ್ಲಿ ಬಾಕಿ ಎಷ್ಟೆಂದು ನಿಗದಿ ಮಾಡಿ, ಕಟ್ಟಲು ಆರು ತಿಂಗಳವರೆಗೆ ಗಡುವು ಕೊಡುತ್ತಾರೆ. ಕಟ್ಟದಿದ್ದರೆ ಮಾರಾಟಕ್ಕೆ ಅಂತಿಮ ಡಿಕ್ರಿ. ಹರಾಜಾದ ಮೇಲೂ ಅದು ಸ್ಥಿರೀಕರಣವಾಗುವ ಮುಂಚೆ ಪೂರ್ತಿ ಬಾಕಿಯನ್ನೂ, ಹರಾಜು ಹಿಡಿದವರಿಗೆ ಖರೀದಿ ಹಣದ ಶೇ 5ನ್ನೂ ಕೋರ್ಟಿಗೆ ಕಟ್ಟಿ ಮನೆ ಉಳಿಸಿಕೊಳ್ಳಬಹುದು.

ಬ್ಯಾಂಕಿನ ಸಾಲವಾದರೆ ದಾರಿಯೇ ಬೇರೆ. 2002ರ ಸರ್ಫೇಸಿ ಕಾಯಿದೆಯಡಿ ಬ್ಯಾಂಕು ದಾವೆಯನ್ನೇ ಹೂಡದೆ ಅಡಮಾನದ ಮನೆಯನ್ನು ವಶಕ್ಕೆ ಪಡೆಯಬಹುದು. ಮೊದಲು 60 ದಿನಗಳ ನೋಟಿಸು ಕೊಡಬೇಕು. ಅದಕ್ಕೆ ಆಕ್ಷೇಪಣೆ ಬರೆದರೆ 15 ದಿನಗಳೊಳಗೆ ಬ್ಯಾಂಕು ಉತ್ತರಿಸಬೇಕು. ಬ್ಯಾಂಕು ಕ್ರಮ ಕೈಗೊಂಡ 45 ದಿನಗಳಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಮಾರಾಟಕ್ಕೆ ಮುಂಚೆ 30 ದಿನಗಳ ನೋಟಿಸು ಕಡ್ಡಾಯವೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಆದರೆ 2016ರ ತಿದ್ದುಪಡಿಯ ನಂತರ, ಹರಾಜಿನ ಪ್ರಕಟಣೆ ಹೊರಬೀಳುವ ಮುನ್ನವೇ ಬಾಕಿ ಕಟ್ಟಬೇಕು. ಇಲ್ಲಿ ಸುಮ್ಮನಿರುವವರಿಗೆ ಸಿಗುವ ಕಾಲಾವಕಾಶ ಇನ್ನೂ ಕಡಿಮೆ.

ಸಮನ್ಸ್ ಅಥವಾ ನೋಟಿಸು ಬಂದ ಕೂಡಲೇ ಅದರ ಮೇಲೆ ತಲುಪಿದ ದಿನಾಂಕ ಬರೆದಿಡಿ. ಲಕೋಟೆಯನ್ನು ಎಸೆಯಬೇಡಿ. ರಸೀದಿಗಳನ್ನೂ ಪಾಸ್‌ಬುಕ್ಕನ್ನೂ ಜೋಡಿಸಿಕೊಂಡು ವಕೀಲರನ್ನು ಕಾಣಿರಿ. ಫೀಜಿಗೆ ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯಿದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟೇ ಇರಲಿ, ಉಚಿತ ನೆರವು ದೊರೆಯುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ವರಮಾನದ ಮಿತಿಯುಂಟು.

ಸಾಲ ಮಾಡಿ ಓದಿಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅಡಮಾನದ ಪತ್ರ ಎಲ್ಲಿದೆ, ಕಟ್ಟಿದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು ಬೆಳೆದ ಮಕ್ಕಳಿಗೂ ತಿಳಿಸಿರಿ. ಸಮನ್ಸ್ ಬಂದ ದಿನ ಮನೆಯಲ್ಲಿರುವವರು ಅವರೇ ಆಗಿರಬಹುದು.